ಬಾಂಬಿನ ವಿಮಾನದಿಂದ ರೋಗಿಯ ಹಾಸಿಗೆಯ ಬಳಿಗೆ

ಲಿಯೋನಾರ್ಡ್ ಚೆಶೈರ್ ಅವರ ಬಾಳಿನ ನೆನಪು

(ಆದವಾನಿಯಲ್ಲಿ ಕೂಡಿದ ಕೂಲಿ ಕುಟುಂಬಗಳ ಸಹವಾಸ ಕೂಟದಲ್ಲಿ ಮಾಡಿದ ಭಾಷಣ)





ಮುಂಗಾರಿನ ಬಿತ್ತನೆಗೆಂದು ಊರಿಗೆ ಬಂದವರು ಈ ಕೂಟದಲ್ಲಿ ಬಹಳ ಮಂದಿ ಇದ್ದೀರಿ. ಕೋಸಿಗಿ, ಮಂತ್ರಾಲಯ, ಆಲೂರು, ಯಮ್ಮಿಗನೂರು ಕಡೆಯವರು ಇದ್ದೀರಿ. ಘಟ್ಟದ ಕಾಫಿ ತೋಟಗಳ ಲೈನುಗಳಿಂದ ರಜೆ ಹಾಕಿ ಬಂದವರೂ ಇದ್ದೀರಿ. ಮಳೆ ಕೈಕೊಟ್ಟರೆ ಗುಂಟೂರಿನ ಮೆಣಸಿನಕಾಯಿ ಹೊಲಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗಂಟುಮೂಟೆ ಕಟ್ಟಬೇಕಾದವರು ನಾವು. 1953ರ ಅಕ್ಟೋಬರ್ ತಿಂಗಳವರೆಗೆ ಆದವಾನಿ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆಮೇಲೆ ಆಂಧ್ರಕ್ಕೆ ಬಂತು. ಗಡಿಗೆರೆ ಆ ಕಡೆ ಈ ಕಡೆ ಹೋದರೂ ನಮ್ಮ ಮನೆಮಾತು ಹೋಗಲಿಲ್ಲ, ನಮ್ಮ ಕೂಲಿಯ ಬಾಳೂ ಬದಲಾಗಲಿಲ್ಲ.

ಇಂಥ ನಮ್ಮ ಮುಂದೆ ಒಬ್ಬ ಇಂಗ್ಲೆಂಡಿನ ಯುದ್ಧವೀರರ ಕಥೆಯನ್ನು ಏಕೆ ಹೇಳಬೇಕು ಎಂದು ಕೆಲವರು ಕೇಳಬಹುದು. ಕಾರಣ ಇದೆ. ಅವರು ತಮ್ಮ ಬಾಳಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕೈಕಾಲು ಬಿದ್ದವರ, ಮನೆಯವರಿಗೂ ಬೇಡವಾದವರ ಸೇವೆಯಲ್ಲಿ ಕಳೆದರು. ನಮ್ಮ ಲೈನುಗಳಲ್ಲೂ ಊರುಕೇರಿಗಳಲ್ಲೂ ಅಂಥವರು ಇಲ್ಲವೇ? ಕರಿಮೆಣಸು ಕೊಯ್ಯಲು ಏಣಿ ಹತ್ತಿ ಬಿದ್ದವರು, ಮರಗಸಿಯಲ್ಲಿ ಕೊಂಬೆ ಮುರಿದು ಸೊಂಟ ಹೋದವರು, ಜಿನ್ನಿನ ಯಂತ್ರಕ್ಕೆ ಕೈ ಕೊಟ್ಟವರು, ಹುಟ್ಟಿನಿಂದಲೇ ನಡೆಯಲಾರದ ಮಕ್ಕಳು, ಇವರೆಲ್ಲ ನಮ್ಮವರೇ. ಅವರನ್ನು ನಾವು ಹೇಗೆ ಕಾಣುತ್ತೇವೆ ಎಂಬುದೇ ಈ ಭಾಷಣದ ಪ್ರಶ್ನೆ.

ಲಿಯೋನಾರ್ಡ್ ಚೆಶೈರ್ ಹುಟ್ಟಿದ್ದು 1917ರ ಸೆಪ್ಟೆಂಬರ್ 7ರಂದು, ಇಂಗ್ಲೆಂಡಿನ ಚೆಸ್ಟರ್ ಪಟ್ಟಣದಲ್ಲಿ. ತಂದೆ ಕಾನೂನು ಪಂಡಿತರು. ಮಗನೂ ಆಕ್ಸ್‌ಫರ್ಡಿನಲ್ಲಿ ಕಾನೂನನ್ನೇ ಓದಿದರು. ಓದುವಾಗ ಅವರಿಗೆ ದೇವರ ಚಿಂತೆ ಇರಲಿಲ್ಲ, ಬಡವರ ಚಿಂತೆಯೂ ಇರಲಿಲ್ಲ. ವೇಗದ ಕಾರು, ಗೆಳೆಯರು, ಮೋಜು, ಇಷ್ಟೇ ಅವರ ಲೋಕ. ಕಾಲೇಜಿನಲ್ಲಿರುವಾಗಲೇ ವಿಮಾನ ಹಾರಿಸಲು ಕಲಿತರು. 1939ರಲ್ಲಿ ಎರಡನೆಯ ಮಹಾಯುದ್ಧ ಬಂತು. ನಮ್ಮ ದೇಶದಿಂದಲೂ ಇಪ್ಪತ್ತೈದು ಲಕ್ಷದಷ್ಟು ಮಂದಿ ಆ ಯುದ್ಧಕ್ಕೆ ಹೋದರು. ಚೆಶೈರ್ ಬಾಂಬ್ ಹಾಕುವ ವಿಮಾನಪಡೆಯನ್ನು ಸೇರಿದರು.

ಆ ಕೆಲಸ ಎಂಥದ್ದು ಎಂದು ತಿಳಿದುಕೊಳ್ಳಿ. ಬ್ರಿಟಿಷರ ಬಾಂಬರ್ ಪಡೆಯಲ್ಲಿ ಹಾರಿದವರು ಸುಮಾರು 1,25,000 ಮಂದಿ. ಅವರಲ್ಲಿ 55,000ಕ್ಕೂ ಹೆಚ್ಚು ಮಂದಿ ಸತ್ತರು. ರಾತ್ರಿ ಊಟಕ್ಕೆ ಜೊತೆಯಲ್ಲಿ ಕುಳಿತವನು ಬೆಳಗಿನ ಕಾಫಿಗೆ ಇರುತ್ತಿರಲಿಲ್ಲ. 1940ರ ನವೆಂಬರಿನಲ್ಲಿ ಜರ್ಮನಿಯ ಕಲೋನ್ ನಗರದ ಮೇಲೆ ಹಾರುವಾಗ ಚೆಶೈರ್ ಅವರ ವಿಮಾನದೊಳಗೇ ಗುಂಡು ಸಿಡಿಯಿತು. ಬೆಂಕಿ ಹತ್ತಿತು. ಜೊತೆಗಾರನೊಬ್ಬ ಸುಟ್ಟ ಗಾಯದಿಂದ ಒದ್ದಾಡುತ್ತಿದ್ದ. ವಿಮಾನದ ಒಂದು ಮಗ್ಗುಲು ಕಿತ್ತುಹೋಗಿತ್ತು. ಅಂಥ ವಿಮಾನವನ್ನು ಅವರು ಊರಿಗೆ ಮುಟ್ಟಿಸಿದರು. ಹೀಗೆ ನಾಲ್ಕು ವರ್ಷಗಳಲ್ಲಿ ನೂರು ಸಲ ಸಾವಿನ ಬಾಯಿಗೆ ಹೋಗಿ ಬಂದರು. 25ನೆಯ ವಯಸ್ಸಿಗೇ ಗ್ರೂಪ್ ಕ್ಯಾಪ್ಟನ್ ಎಂಬ ದೊಡ್ಡ ಹುದ್ದೆ ಸಿಕ್ಕಿತು. ಆ ಹುದ್ದೆಯವರು ಕಚೇರಿಯಲ್ಲಿ ಕುಳಿತು ಅಪ್ಪಣೆ ಕೊಡಬೇಕು. ಅದು ಅವರ ಮನಸ್ಸಿಗೆ ಹಿಡಿಯಲಿಲ್ಲ. ಒಂದು ದರ್ಜೆ ಕೆಳಗಿಳಿದು ಮತ್ತೆ ಹುಡುಗರ ಜೊತೆ ಹಾರಲು ಹೋದರು. ಮೇಸ್ತ್ರಿಯಾದ ಮೇಲೆ ಕೆಳಗಿಳಿದು ಆಳುಗಳ ಸಾಲಿನಲ್ಲಿ ನಿಂತು ಕುಕ್ಕೆ ಕಟ್ಟಿಕೊಂಡವರನ್ನು ನೀವು ಎಷ್ಟು ಮಂದಿಯನ್ನು ನೋಡಿದ್ದೀರಿ?

ಇನ್ನೊಂದು ಸಂಗತಿಯನ್ನು ಕೂಲಿಗಾರರಾದ ನಾವು ಮರೆಯಬಾರದು. 1944ರ ಫೆಬ್ರವರಿ 8ರ ರಾತ್ರಿ, ಫ್ರಾನ್ಸಿನ ಲಿಮೋಜ್ ಎಂಬ ಊರಿನಲ್ಲಿ ಒಂದು ವಿಮಾನ ಎಂಜಿನ್ನಿನ ಕಾರ್ಖಾನೆಯನ್ನು ಒಡೆಯಬೇಕೆಂದು ಅಪ್ಪಣೆಯಾಗಿತ್ತು. ಜರ್ಮನರು ಆ ಕಾರ್ಖಾನೆಯನ್ನು ವಶಮಾಡಿಕೊಂಡಿದ್ದರು. ಆದರೆ ಒಳಗೆ ರಾತ್ರಿಪಾಳಿಯಲ್ಲಿ ದುಡಿಯುತ್ತಿದ್ದವರು ಜರ್ಮನ್ ಸಿಪಾಯಿಗಳಲ್ಲ, ಹೊಟ್ಟೆಪಾಡಿಗೆ ಬಂದ ಫ್ರೆಂಚ್ ಕೆಲಸಗಾರರು, ಅವರಲ್ಲಿ ಹೆಂಗಸರೂ ಬಹಳ. ಚೆಶೈರ್ ಬಂದ ಕೂಡಲೇ ಬಾಂಬ್ ಹಾಕಲಿಲ್ಲ. ಕಾರ್ಖಾನೆಯ ಮಾಡಿಗೆ ತಾಗುವಷ್ಟು ಕೆಳಗೆ ಮೂರು ಸಲ ಹಾರಿ ಎಚ್ಚರಿಕೆ ಕೊಟ್ಟರು. ಹಾಗೆ ಹಾರುವುದೆಂದರೆ ಕೆಳಗಿನ ತುಪಾಕಿಗೆ ಎದೆಯೊಡ್ಡಿದ ಹಾಗೆ. ಕೆಲಸಗಾರರು ಹೊರಗೆ ಓಡಿ ಜೀವ ಉಳಿಸಿಕೊಂಡರು. ಆಮೇಲೆ ಕಾರ್ಖಾನೆ ನೆಲಸಮವಾಯಿತು. ಗೋಡೆಯೊಳಗೆ ದುಡಿಯುವವರಿಗೂ ಪ್ರಾಣವಿದೆ ಎಂದು ಅಷ್ಟು ಎತ್ತರದಲ್ಲಿ ಕುಳಿತವರೊಬ್ಬರಿಗೆ ನೆನಪಿತ್ತು. ನೆಲದ ಮೇಲೆ ನಿಂತ ಎಷ್ಟೋ ಮಂದಿಗೆ ಇಂದಿಗೂ ಆ ನೆನಪು ಬರುವುದಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರಿಗೆ ವಿಕ್ಟೋರಿಯಾ ಕ್ರಾಸ್ ಕೊಡಲಾಯಿತು. ನಮ್ಮ ಪರಮವೀರ ಚಕ್ರದಂತೆ ಅದು ಬ್ರಿಟಿಷರ ಅತಿ ದೊಡ್ಡ ಪದಕ. ಸಾಮಾನ್ಯವಾಗಿ ಒಂದು ದಿನದ, ಒಂದು ಸಾಹಸಕ್ಕೆ ಅದನ್ನು ಕೊಡುತ್ತಾರೆ. ಇವರಿಗೆ ನಾಲ್ಕು ವರ್ಷಗಳ ಒಟ್ಟು ಧೈರ್ಯಕ್ಕಾಗಿ ಕೊಟ್ಟರು.

ಯುದ್ಧದ ಕೊನೆಯಲ್ಲಿ ಅವರು ಕಂಡದ್ದು ಇನ್ನೂ ದೊಡ್ಡದು. 1945ರ ಆಗಸ್ಟ್ 9ರಂದು ಅಮೆರಿಕದವರು ಜಪಾನಿನ ನಾಗಾಸಾಕಿಯ ಮೇಲೆ ಅಣುಬಾಂಬ್ ಹಾಕಿದರು. ಬ್ರಿಟಿಷ್ ಸರಕಾರದ ಸಾಕ್ಷಿಯಾಗಿ ಇನ್ನೊಂದು ವಿಮಾನದಲ್ಲಿದ್ದ ಚೆಶೈರ್ ಅದನ್ನು ದೂರದಿಂದ ನೋಡಿದರು. ಏಷ್ಯಾ ಖಂಡದಲ್ಲೇ ಹೆಸರಾದ ಹಳೆಯ ಕಥೋಲಿಕ ಸಮುದಾಯ ಆ ಊರಿನ ಉರಾಕಾಮಿ ಎಂಬ ಕಡೆ ಇತ್ತು. ಸುಮಾರು ಇನ್ನೂರೈವತ್ತು ವರ್ಷ ಹಿಂಸೆಯನ್ನು ಸಹಿಸಿ, ಗುಟ್ಟಾಗಿ ಜಪ ಹೇಳಿ ವಿಶ್ವಾಸವನ್ನು ಉಳಿಸಿಕೊಂಡ ಬಡ ರೈತರ ಮಕ್ಕಳು ಅವರು. ಅವರ ದೇವಾಲಯ ಬೂದಿಯಾಯಿತು. ಆ ವರ್ಷ ಮುಗಿಯುವುದರೊಳಗೆ ಊರಿನಲ್ಲಿ ಸುಮಾರು 70,000 ಮಂದಿ ಸತ್ತರು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ಬಾಂಬ್ ಯುದ್ಧವನ್ನು ಬೇಗ ಮುಗಿಸಿತು, ಅದರಿಂದ ಇನ್ನೂ ಹೆಚ್ಚು ಪ್ರಾಣಗಳು ಉಳಿದವು ಎಂದೇ ಚೆಶೈರ್ ಕೊನೆಯವರೆಗೂ ವಾದಿಸಿದರು. ನಮ್ಮಲ್ಲಿ ಅನೇಕರಿಗೆ ಈ ಮಾತು ಒಪ್ಪಿಗೆಯಾಗಲಾರದು. ಒಪ್ಪಲೇಬೇಕೆಂದು ನಾವೂ ಹೇಳುವುದಿಲ್ಲ. ಒಬ್ಬ ಭಕ್ತರನ್ನು ನೆನೆಯುವಾಗ ಅವರ ಎಲ್ಲ ಮಾತಿಗೂ ತಲೆಯಾಡಿಸಬೇಕೆಂಬ ಕಟ್ಟಳೆ ಇಲ್ಲ. ಆದರೆ ಅಷ್ಟು ಸಾವನ್ನು ಕಂಡವರು ಮುಂದೆ ಏನು ಮಾಡಿದರು ಎಂಬುದನ್ನು ನೋಡೋಣ.

ಯುದ್ಧ ಮುಗಿಯಿತು. ಪಡೆಯನ್ನು ಬಿಟ್ಟು ಬಂದ ಚೆಶೈರ್, ಯುದ್ಧದಿಂದ ಮರಳಿದವರು ಕೂಡಿ ಬಾಳುವ ಒಂದು ಊರು ಕಟ್ಟಬೇಕೆಂದು ಹೊರಟರು. ಹ್ಯಾಂಪ್‌ಶೈರ್ ಪ್ರಾಂತದಲ್ಲಿ ಲೆ ಕೋರ್ಟ್ ಎಂಬ ದೊಡ್ಡ ಹಳೆಯ ಬಂಗಲೆ ಅವರ ಕೈಗೆ ಬಂತು. ಆದರೆ ಯೋಜನೆ ನಿಲ್ಲಲಿಲ್ಲ. ಜಗಳ ಬಂತು, ಸಾಲ ಏರಿತು, ಜನ ಚದುರಿದರು. ಖಾಲಿ ಬಂಗಲೆಯೂ ಸಾಲವೂ ಮಾತ್ರ ಉಳಿದವು. ಪದಕ ಎದೆಯ ಮೇಲಿತ್ತು, ಕೈ ಬರಿದಾಗಿತ್ತು.

ಆಗ, 1948ರಲ್ಲಿ, ಆರ್ಥರ್ ಡೈಕ್ಸ್ ಎಂಬ ವ್ಯಕ್ತಿಯ ಸುದ್ದಿ ಬಂತು. ಮೊದಲು ಇವರ ಗುಂಪಿನಲ್ಲೇ ಇದ್ದ ಬಡ ಮನುಷ್ಯ. ಕ್ಯಾನ್ಸರ್ ರೋಗ ಕೊನೆಯ ಹಂತಕ್ಕೆ ಬಂದಿತ್ತು. ಆಸ್ಪತ್ರೆಯವರು ತಮ್ಮಿಂದ ಇನ್ನೇನೂ ಆಗದು ಎಂದರು. ಕರೆದುಕೊಂಡು ಹೋಗುವವರು ಯಾರೂ ಇರಲಿಲ್ಲ. ಚೆಶೈರ್ ಅವರಿಗೆ ವೈದ್ಯ ಗೊತ್ತಿಲ್ಲ, ಶುಶ್ರೂಷೆ ಗೊತ್ತಿಲ್ಲ, ಹಣವಂತೂ ಇಲ್ಲ. ಆದರೂ ಆ ರೋಗಿಯನ್ನು ಮನೆಗೆ ಕರೆತಂದರು. ತಾವೇ ಅಡಿಗೆ ಮಾಡಿ ಉಣಿಸಿದರು, ಮೈ ಒರೆಸಿದರು, ಹಾಸಿಗೆ ಬದಲಿಸಿದರು, ಮಲಮೂತ್ರ ಎತ್ತಿದರು. ರಾತ್ರಿ ಕರೆದರೆ ಕೇಳಲೆಂದು ಹತ್ತಿರದಲ್ಲೇ ಮಲಗಿದರು.

ಡೈಕ್ಸ್ ಕಥೋಲಿಕರು. ಬಹಳ ಕಾಲ ದೇವಾಲಯವನ್ನು ಬಿಟ್ಟಿದ್ದವರು ಮರಳಿ ಬಂದಿದ್ದರು. ಸಾವು ಬಾಗಿಲಲ್ಲಿ ನಿಂತಿದ್ದರೂ ಅವರ ಮುಖದಲ್ಲಿ ಭಯವಿರಲಿಲ್ಲ. ಇವರು ಅವರ ದೇಹದ ಸೇವೆ ಮಾಡಿದರೆ, ಅವರು ಇವರ ಆತ್ಮದ ಸೇವೆ ಮಾಡಿದರು. ಆ ಆಗಸ್ಟಿನಲ್ಲಿ ಡೈಕ್ಸ್ ತೀರಿಕೊಂಡರು. ಅದೇ ವರ್ಷ ಕ್ರಿಸ್ಮಸ್ ಹಿಂದಿನ ದಿನ ಚೆಶೈರ್ ಕಥೋಲಿಕ ಸಭೆಯನ್ನು ಸೇರಿದರು. ಅಲ್ಲಿಂದ ಮುಂದೆ ಪೂಜೆಯೂ ಪರಮಪ್ರಸಾದವೂ ಮೌನ ಪ್ರಾರ್ಥನೆಯೂ ಅವರ ಬಾಳಿನ ಆಧಾರವಾದವು.

ಈ ಭಾಗವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ದೊಡ್ಡ ಯೋಜನೆ ಮುರಿದುಬಿತ್ತು. ಒಬ್ಬ ಸಾಯುವ ಮನುಷ್ಯನಿಂದ ನಿಜವಾದ ಕೆಲಸ ಶುರುವಾಯಿತು. ಒಬ್ಬರನ್ನು ಇಟ್ಟುಕೊಂಡ ಸುದ್ದಿ ಕೇಳಿ ಇನ್ನೊಬ್ಬರು ಬಂದರು, ಆಮೇಲೆ ಮತ್ತೊಬ್ಬರು. ಅಕ್ಕಪಕ್ಕದ ಹಳ್ಳಿಯವರು ತರಕಾರಿ ತಂದರು, ಕಂಬಳಿ ತಂದರು, ಕೈಜೋಡಿಸಿದರು. ಒಂದು ಮನೆ ಎರಡಾಯಿತು, ಎರಡು ಹತ್ತಾಯಿತು.

ಅಷ್ಟರಲ್ಲಿ ಅವರೇ ಹಾಸಿಗೆ ಹಿಡಿದರು. 1952ರಲ್ಲಿ ಕ್ಷಯ ರೋಗ ಬಂತು. ಎರಡು ವರ್ಷ ಆಸ್ಪತ್ರೆ, ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ. ಒಂದು ಶ್ವಾಸಕೋಶದ ಬಹುಭಾಗ ಹೋಯಿತು. ಅಲ್ಲಿಯವರೆಗೆ ರೋಗಿಯ ಪಕ್ಕದಲ್ಲಿ ನಿಂತು ನೋಡಿದವರು ಈಗ ರೋಗಿಯ ಹಾಸಿಗೆಯಿಂದ ಲೋಕವನ್ನು ನೋಡಿದರು. ಹಾಸಿಗೆಯ ಮೇಲಿಂದಲೇ ಕಾಗದ ಬರೆದರು, ಕೆಲಸ ನಡೆಸಿದರು. ಅವರು ಮಲಗಿದ್ದಾಗ ಕೆಲಸ ನಿಲ್ಲಲಿಲ್ಲ, ಬೆಳೆಯಿತು.

ಎದ್ದ ಮೇಲೆ ಅವರು ಬಂದದ್ದು ನಮ್ಮ ದೇಶಕ್ಕೆ. ಅದು 1955ನೆಯ ಇಸವಿ. ಇಲ್ಲಿ ಮೊದಲ ಮನೆ ಮುಂಬಯಿಯ ಅಂಧೇರಿಯಲ್ಲಿ ಎದ್ದಿತು. ಯೇಸುಸ್ವಾಮಿ ಹುಟ್ಟಿದ ಬೆತ್ಲೆಹೇಮ್ ಊರಿನ ಹೆಸರನ್ನೇ ಅದಕ್ಕೆ ಇಟ್ಟರು. 1959ರ ಏಪ್ರಿಲ್ 5ರಂದು ಮುಂಬಯಿಯ ಕಥೋಲಿಕ ಪ್ರಧಾನಾಲಯದಲ್ಲಿ ಸೂ ರೈಡರ್ ಅವರನ್ನು ಮದುವೆಯಾದರು. ಆಕೆಯೂ ಯುದ್ಧದಲ್ಲಿ ದುಡಿದವರು. ಯುದ್ಧದ ಬಳಿಕ ಸೆರೆ ಶಿಬಿರಗಳಿಂದ ಬದುಕಿ ಬಂದ ನಿರ್ಗತಿಕರ ಸೇವೆಯಲ್ಲಿದ್ದರು. ಗಂಡಹೆಂಡಿರು ಕೂಡಿ ದೆಹರಾದೂನಿನಲ್ಲಿ ರಫಾಯೆಲ್ ಎಂಬ ನೆಲೆಯನ್ನು ಕಟ್ಟಿದರು. ಕುಷ್ಠ ರೋಗದಿಂದ ನರಳಿದವರಿಗೂ ಅಲ್ಲಿ ಜಾಗವಿತ್ತು. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಚೆಶೈರ್ ಹೋಮ್ ಇದೆ. ಕೊಡಗಿನ ಪೊನ್ನಂಪೇಟೆಯಲ್ಲಿ ಆ ಹೆಸರಿನ ಸಂಸ್ಥೆ ವಿಶೇಷ ಮಕ್ಕಳಿಗೆ ಶಾಲೆ ನಡೆಸುತ್ತಿದೆ. ತೋಟದ ಲೈನುಗಳಲ್ಲಿ ಇರುವವರು ಇದನ್ನು ಗುರುತಿಟ್ಟುಕೊಳ್ಳಿ.

ಈ ಮನೆಗಳಲ್ಲಿ ಜಾತಿಮತ ಕೇಳುವ ಪದ್ಧತಿ ಇರಲಿಲ್ಲ. ತಾವು ಗಾಢವಾದ ಕಥೋಲಿಕ ಭಕ್ತರಾದರೂ ಬಂದವರನ್ನು ಮತಕ್ಕೆ ಸೇರಿಸುವುದಕ್ಕಾಗಿ ಮನೆಗಳನ್ನು ಕಟ್ಟಲಿಲ್ಲ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿಕೊಂಡ ಸಮಾರ್ಯದವನ ಸಾಮತಿ ನಿಮಗೆ ಗೊತ್ತಿದೆ. ಆ ಸಮಾರ್ಯದವನು ಮೊದಲು ಗಾಯಕ್ಕೆ ಎಣ್ಣೆ ಹಾಕಿದ. ನಿನ್ನ ಕುಲ ಯಾವುದು ಎಂದು ಕೇಳಲಿಲ್ಲ.

ಇನ್ನೊಂದು ಸಂಗತಿ. ಲೆ ಕೋರ್ಟ್ ಮನೆಯಲ್ಲಿ ಪಾಲ್ ಹಂಟ್ ಎಂಬ ತರುಣರಿದ್ದರು. ಅವರ ಕೈಕಾಲುಗಳಲ್ಲಿ ಬಲವಿರಲಿಲ್ಲ, ಮಾತಿನಲ್ಲಿ ಬಲವಿತ್ತು. ನಮ್ಮನ್ನು ಒಳ್ಳೆಯ ಮನೆಯಲ್ಲಿಟ್ಟು ಉಣಿಸಿದರೆ ಸಾಲದು, ನಮ್ಮ ಬಾಳಿನ ವಿಷಯದಲ್ಲಿ ತೀರ್ಮಾನ ಮಾಡುವ ಹಕ್ಕು ನಮಗೇ ಬೇಕು, ಜನರ ನಡುವೆ ಬಾಳಬೇಕು ಎಂಬುದು ಅವರ ಮತ್ತು ಅವರ ಗೆಳೆಯರ ವಾದ. 1972ರಲ್ಲಿ ಅವರು ಪತ್ರಿಕೆಗೆ ಬರೆದ ಒಂದು ಕಾಗದದಿಂದ ಇಂಗ್ಲೆಂಡಿನಲ್ಲಿ ಅಂಗವಿಕಲರ ಸ್ವಂತ ಸಂಘ ಹುಟ್ಟಿತು. ಚೆಶೈರ್ ಹೆಸರಿನ ಮನೆಗಳ ಆಡಳಿತದ ಮೇಲೂ ಅವರ ಆಕ್ಷೇಪವಿತ್ತು. ಕಾಲಕ್ರಮದಲ್ಲಿ ಈ ಸಂಸ್ಥೆಯವರೂ ದೊಡ್ಡ ಮನೆಗಳಲ್ಲಿ ಇಡುವುದನ್ನು ಕಡಿಮೆ ಮಾಡಿ, ಶಾಲೆ, ಕಸುಬು, ಸ್ವಂತ ದುಡಿಮೆಯ ಕಡೆಗೆ ಹೆಚ್ಚು ತಿರುಗಿದರು. ಕೂಲಿಗಾರರಾದ ನಮಗೆ ಈ ಮಾತು ಬೇಗ ಅರ್ಥವಾಗಬೇಕು. ದಣಿ ಒಳ್ಳೆಯವರಾದರೆ ಸಂತೋಷ. ಆದರೆ ನಮ್ಮ ಕೂಲಿಯ ಮಾತು ಬಂದಾಗ ನಮ್ಮನ್ನೂ ಕೇಳಬೇಕು ಎನ್ನುತ್ತೇವಲ್ಲ? ಮಂಚದ ಮೇಲೆ ಮಲಗಿದವರೂ ಅದನ್ನೇ ಕೇಳುತ್ತಾರೆ.

1981ರಲ್ಲಿ ಇಂಗ್ಲೆಂಡಿನ ರಾಣಿ ಅವರಿಗೆ ಆರ್ಡರ್ ಆಫ್ ಮೆರಿಟ್ ಎಂಬ ಗೌರವ ಕೊಟ್ಟರು. 1991ರಲ್ಲಿ ಪ್ರಭು ಪದವಿ ಬಂತು. ಅಷ್ಟು ಹೊತ್ತಿಗೆ ಅವರ ಮನೆಗಳು ಐವತ್ತರಷ್ಟು ದೇಶಗಳಲ್ಲಿ ಇದ್ದವು. ಕೊನೆಗೆ ಅವರಿಗೆ ನರಗಳ ಬಲ ಕುಂದುವ ರೋಗ ಬಂತು. ಕಾಲು ನಿಂತಿತು, ಕೈ ಸೋತಿತು, ಮಾತು ಕಷ್ಟವಾಯಿತು. ನಲವತ್ತಕ್ಕೂ ಹೆಚ್ಚು ವರ್ಷ ಯಾರಿಗಾಗಿ ದುಡಿದರೋ ಅವರಲ್ಲೇ ಒಬ್ಬರಾದರು. 1992ರ ಜುಲೈ 31ರಂದು, 74ನೆಯ ವಯಸ್ಸಿನಲ್ಲಿ, ದೇವರಲ್ಲಿ ನಿದ್ರೆಹೋದರು. ಅದೇ ದಿನ ಸಂತ ಇಗ್ನಾಸಿಯವರ ಹಬ್ಬ. 1521ರಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡು ಹಾಸಿಗೆಯಲ್ಲಿ ದೇವರನ್ನು ಕಂಡ ಆ ಸಂತರೂ ಹಳೆಯ ಸೈನಿಕರೇ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಕಥೆ ಕೇಳಿ ಮನೆಗೆ ಹೋದರೆ ಸಾಲದು. ನಾಲ್ಕು ಕೆಲಸಗಳನ್ನು ನಿಮ್ಮ ಮುಂದೆ ಇಡುತ್ತೇವೆ.

ಒಂದನೆಯದು, ಮನೆಯಲ್ಲಿ ಬಲವಿಲ್ಲದವರು ಇದ್ದರೆ ಅವರನ್ನು ಒಳಕೋಣೆಯಲ್ಲಿ ಮುಚ್ಚಿಡಬೇಡಿ. ನೆಂಟರು ಬಂದಾಗ ಮರೆಮಾಡಬೇಡಿ. ಹಿರಿಯರ ಪಾಪ, ಹಿಂದಿನ ಶಾಪ ಎಂದು ಅವರ ಕಿವಿಗೆ ಬೀಳುವಂತೆ ಮಾತಾಡಬೇಡಿ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇಂಥದೇ ಪ್ರಶ್ನೆ ಕೇಳಿದಾಗ ಯೇಸುಸ್ವಾಮಿ ಆ ವಾದವನ್ನು ಒಪ್ಪಲಿಲ್ಲ. ಭಾನುವಾರದ ಪೂಜೆಗೆ, ಪ್ರಾರ್ಥನೆಗೆ, ಮದುವೆಗೆ ಅವರನ್ನು ಹೊತ್ತುಕೊಂಡಾದರೂ ಕರೆತನ್ನಿ.

ಎರಡನೆಯದು, ಕೆಲಸದಲ್ಲಿ ಪೆಟ್ಟಾದರೆ ಸುಮ್ಮನೆ ಊರಿಗೆ ಹೋಗಬೇಡಿ. ಕೆಲಸದ ವೇಳೆಯಲ್ಲಿ ಕೆಲಸದಿಂದಾದ ಗಾಯಕ್ಕೆ ಪರಿಹಾರ ಕೊಡಬೇಕೆಂಬ ಕಾನೂನು 1923ರಿಂದ ಈ ದೇಶದಲ್ಲಿ ಇದೆ. ಕಾಯಿದೆಯ ಹೆಸರು ಬದಲಾದರೂ ಆ ಹಕ್ಕು ಹೋಗಿಲ್ಲ. ಅದು ಧಣಿಗಳ ದಾನವಲ್ಲ. ದಿನಗೂಲಿಯವರಿಗೂ ಉಂಟು. ಏಣಿಯಿಂದ ಬಿದ್ದ ದಿನವೇ ರೈಟರಿಗೆ ತಿಳಿಸಿ, ಬರಹದಲ್ಲಿ ಕೊಡಿ, ನೋಡಿದವರ ಹೆಸರು ಬರೆದಿಡಿ. ಆಸ್ಪತ್ರೆಯ ಚೀಟಿಗಳನ್ನು ಸೇರೆಯ ಗಂಟಿನಲ್ಲಾದರೂ ಜೋಪಾನ ಮಾಡಿ. ಬಿಳಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಐದು ಸಾವಿರ ರೂಪಾಯಿ ಕೈಗಿಟ್ಟು ಬಸ್ಸು ಹತ್ತಿಸಿದರೆ, ಆ ಬಸ್ಸಿನ ಜೊತೆಗೆ ನಿಮ್ಮ ಹಕ್ಕೂ ಹೋಯಿತೆಂದು ತಿಳಿಯಿರಿ.

ಮೂರನೆಯದು, ಸರಕಾರದ ಚೀಟಿ. 2016ರಲ್ಲಿ ಅಂಗವಿಕಲರ ಹಕ್ಕುಗಳ ಹೊಸ ಕಾಯಿದೆ ಬಂತು. 21 ಬಗೆಯ ಅಂಗವಿಕಲತೆಗಳನ್ನು ಅದರಲ್ಲಿ ಎಣಿಸಿದ್ದಾರೆ. ಸರಕಾರಿ ಆಸ್ಪತ್ರೆಯ ವೈದ್ಯರು ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುತ್ತಾರೆ. ಶೇಕಡಾ 40ಕ್ಕೆ ಕಡಿಮೆಯಿಲ್ಲ ಎಂದು ಬರೆದರೆ ಮುಖ್ಯ ಸವಲತ್ತುಗಳಿಗೆ ದಾರಿಯಾಗುತ್ತದೆ. ಅಂಥ ಮಕ್ಕಳಿಗೆ 6ರಿಂದ 18ನೆಯ ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಇಡೀ ದೇಶಕ್ಕೆ ಸಲ್ಲುವ ಯುಡಿಐಡಿ ಎಂಬ ಗುರುತಿನ ಚೀಟಿಯೂ ಇದೆ. ಇಂದು ಆಂಧ್ರ, ನಾಳೆ ಕರ್ನಾಟಕ ಎಂದು ಅಲೆಯುವ ನಮ್ಮಂಥವರಿಗೆ ಅದು ಬಹಳ ಅಗತ್ಯ. ಓದುಬರಹ ಬಲ್ಲ ನಮ್ಮ ಹುಡುಗ ಹುಡುಗಿಯರು ಇದಕ್ಕೆ ಅರ್ಜಿ ತುಂಬಿ ಕೊಡುವುದನ್ನು ತಮ್ಮ ಸೇವೆ ಎಂದು ಹಿಡಿಯಲಿ.

ನಾಲ್ಕನೆಯದು, ಎಲ್ಲಕ್ಕಿಂತ ಸುಲಭವೂ ಹೌದು, ಕಷ್ಟವೂ ಹೌದು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಭಾರ ನಮ್ಮ ಮನೆಗಳಲ್ಲಿ ಯಾರ ಮೇಲೆ ಬೀಳುತ್ತದೆ? ತಾಯಿಯ ಮೇಲೆ, ಹೆಂಡತಿಯ ಮೇಲೆ, ಶಾಲೆ ಬಿಟ್ಟ ಹೆಣ್ಣುಮಗುವಿನ ಮೇಲೆ. ಆಕೆ ಕೆಲಸಕ್ಕೆ ಹೋದರೆ ರೋಗಿ ಒಂಟಿ, ಮನೆಯಲ್ಲಿ ಉಳಿದರೆ ಹಾಜರಿ ಇಲ್ಲ, ಬಟವಾಡೆಯ ದಿನ ಕೈ ಖಾಲಿ. ಆದುದರಿಂದ ಪ್ರತಿ ಲೈನಿನಲ್ಲಿ, ಪ್ರತಿ ಕೇರಿಯಲ್ಲಿ ಸರದಿ ಕಟ್ಟಿಕೊಳ್ಳಿ. ವಾರಕ್ಕೊಂದು ಹೊತ್ತು ಒಂದು ಮನೆಯವರು ಹೋಗಿ ಕುಳಿತುಕೊಳ್ಳಲಿ, ಗಂಜಿ ಕುಡಿಸಲಿ, ಮಗ್ಗುಲು ಬದಲಿಸಲಿ. ಗಂಡಸರೂ ಹೋಗಲಿ. ಅಷ್ಟು ದೊಡ್ಡ ಪದಕ ಪಡೆದ ವೀರರಿಗೆ ರೋಗಿಯ ಮಲದ ಪಾತ್ರೆ ಹಿಡಿಯುವುದು ಅವಮಾನವಾಗಲಿಲ್ಲ. ನಮಗೆ ಯಾವ ಅವಮಾನ?

ನಮ್ಮ ಹತ್ತಿರ ಬಂಗಲೆ ಇಲ್ಲ, ಇರುವುದು ಹತ್ತು ಅಡಿಯ ಲೈನುಮನೆ ಎಂದು ನೀವು ಹೇಳಬಹುದು. ಅವರ ಬಂಗಲೆಯಲ್ಲೂ ಆ ದಿನ ಇದ್ದದ್ದು ಸಾಲ ಮತ್ತು ಒಂದು ಮಂಚ. ದೇವರು ಕೇಳಿದ್ದು ಬಂಗಲೆಯನ್ನಲ್ಲ, ಮಂಚದ ಪಕ್ಕ ಕೂರುವ ಮನಸ್ಸನ್ನು. ಅದು ನಮ್ಮಲ್ಲಿ ಇದೆ. ಹೆರಿಗೆಗೆ, ಸಾವಿಗೆ, ಜ್ವರಕ್ಕೆ ಕರೆಯದೆಯೇ ಓಡಿ ಬರುವವರು ನಾವು. ಅದನ್ನೇ ವರ್ಷಗಟ್ಟಲೆ ಮಲಗಿದವರಿಗೂ ಚಾಚಬೇಕು, ಅಷ್ಟೆ.

ನಾಳೆ ನೀವು ಹೊಲಕ್ಕೆ, ತೋಟಕ್ಕೆ, ರೈಲಿಗೆ ಹೊರಡುವ ಮೊದಲು ನಿಮ್ಮ ಕೇರಿಯಲ್ಲಿ ಮಲಗಿರುವ ಒಬ್ಬರ ಹೆಸರನ್ನು ಮನಸ್ಸಿನಲ್ಲಿ ನೆನೆಯಿರಿ. ಒಬ್ಬರೇ ಸಾಕು. ಅವರ ಮನೆಯ ಬಾಗಿಲಿಗೆ ಹೋಗಿ ಬನ್ನಿ.

ಕರುಣಾಳು ತಂದೆಯೇ, ನಮ್ಮ ನಡುವೆ ಬಿದ್ದವರನ್ನು ಕಾಣುವ ಕಣ್ಣನ್ನೂ ಎತ್ತುವ ತೋಳನ್ನೂ ನಮಗೆ ಕೊಡಿರಿ. ನಿಮ್ಮ ದಾಸ ಲಿಯೋನಾರ್ಡರಿಗೂ, ಅವರ ಕಣ್ಣು ತೆರೆಸಿದ ಬಡ ಆರ್ಥರಿಗೂ, ಯುದ್ಧಗಳಲ್ಲಿ ಮಡಿದ ಎಲ್ಲ ಪಕ್ಷದವರಿಗೂ, ತೋಟಗಳಲ್ಲಿ ಗಿರಣಿಗಳಲ್ಲಿ ಪ್ರಾಣ ಬಿಟ್ಟ ನಮ್ಮವರಿಗೂ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಿರಿ. ಆಮೆನ್.